ಕರಾವಳಿಯಿಂದ ಮಡಿಕೇರಿಗೆ ಇಬ್ಬರ ವಾರಾಂತ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯಿಂದ ಶನಿವಾರ ಹೊರಟು ಭಾನುವಾರ ರಾತ್ರಿಯೊಳಗೆ ಮನೆ ಸೇರಬೇಕೆನ್ನುವ ಜೋಡಿಗಳಿಗಾಗಿ ಈ ಪುಟ. ಟಿಕೆಟ್ ದರ, ಕೋಣೆ ಬಾಡಿಗೆ ಮೇಲಿಂದ ಮೇಲೆ ಬದಲಾಗುವುದರಿಂದ ಇಲ್ಲಿ ಬರೆದಿಲ್ಲ.

ಘಟ್ಟದ ಮೇಲೆ ಅಷ್ಟೊಂದು ಊರುಗಳಿರುವಾಗ ಮಡಿಕೇರಿಯೇ ಯಾಕೆ?

ಉಡುಪಿಯವರಿಗೆ ಆಗುಂಬೆ ತೀರಾ ಹತ್ತಿರ. ಮಧ್ಯಾಹ್ನ ಹೊರಟು ಸೂರ್ಯಾಸ್ತ ನೋಡಿ ರಾತ್ರಿ ಊಟಕ್ಕೆ ಮನೆಗೆ ಬಂದುಬಿಡಬಹುದು, ಅದಕ್ಕೆ ವಾರಾಂತ್ಯವೇ ಬೇಕಿಲ್ಲ. ಚಿಕ್ಕಮಗಳೂರಿಗೆ ಹೋದವರು ಹೆಚ್ಚಿನ ಹೊತ್ತನ್ನು ಬೆಟ್ಟದ ರಸ್ತೆಯಲ್ಲೇ ಕಳೆಯುತ್ತಾರೆ. ಮಡಿಕೇರಿ ಹಾಗಲ್ಲ. ಅದು ಒಂದು ಸಣ್ಣ ರಾಜಧಾನಿ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಕಟ್ಟಿದ ಊರು. ಮುದ್ದುರಾಜಕೇರಿಯೇ ಮಡಿಕೇರಿ ಆಯಿತು. ಕೋಟೆ, ಅರಮನೆ, ಗದ್ದುಗೆ ಅಂದರೆ ರಾಜರ ಸಮಾಧಿ, ದೇವಸ್ಥಾನ, ಸಂಜೆ ಕೂರುವ ಜಾಗ, ಎಲ್ಲವೂ ಒಂದೆರಡು ಕಿಲೋಮೀಟರಿನೊಳಗೆ. ಕಾರು ನಿಲ್ಲಿಸಿ ಇಬ್ಬರೇ ನಡೆದು ನೋಡಬಹುದಾದ ಊರು ನಮ್ಮ ಆಸುಪಾಸಿನ ಘಟ್ಟದಲ್ಲಿ ಇನ್ನೊಂದು ಸಿಗುವುದು ಕಷ್ಟ.

ಇನ್ನೂ ಒಂದು ಕಾರಣವಿದೆ. 1834ರ ತನಕ ಪುತ್ತೂರು, ಸುಳ್ಯ ಸೀಮೆಗಳು ಕೊಡಗು ರಾಜ್ಯದೊಳಗೇ ಇದ್ದವು. ಕೊನೆಯ ರಾಜ ಚಿಕ್ಕವೀರರಾಜೇಂದ್ರನನ್ನು ಇಳಿಸಿದ ಮೇಲೆ ಕಂಪನಿ ಸರಕಾರ ಅವನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಧಾನ್ಯದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿತು. ಅಮರ ಸುಳ್ಯದ ರೈತರು ದಂಗೆ ಎದ್ದು 1837ರ ಏಪ್ರಿಲ್‌ನಲ್ಲಿ ಮಂಗಳೂರಿಗೇ ಬಂದು ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿದರು. ಅವರ ನಾಯಕರಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಬಾವುಟಗುಡ್ಡೆಯಲ್ಲಿ ಈಗ ಇರುವ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಆ ದಂಗೆಯದ್ದೇ ನೆನಪು. ಅಂದರೆ ನೀವು ಕಾರಿನಲ್ಲಿ ಹತ್ತುವ ದಾರಿಯೇ ದಂಗೆಕೋರರು ಇಳಿದು ಬಂದ ಸೀಮೆ. ಇಷ್ಟು ತಿಳಿದುಕೊಂಡು ಹೋದರೆ ಕೋಟೆಯ ಗೋಡೆ ಬರೀ ಫೋಟೋದ ಹಿನ್ನೆಲೆಯಾಗಿ ಉಳಿಯುವುದಿಲ್ಲ.

ಯಾವ ತಿಂಗಳು ಒಳ್ಳೆಯದು?

ಅಕ್ಟೋಬರ್ ಕೊನೆಯಿಂದ ಫೆಬ್ರವರಿ ತನಕ ನಿಶ್ಚಿಂತೆ. ಡಿಸೆಂಬರ್, ಜನವರಿಯ ರಾತ್ರಿ ಹನ್ನೆರಡು, ಹದಿಮೂರು ಡಿಗ್ರಿಗೆ ಇಳಿಯುವುದುಂಟು; ಕರಾವಳಿಯ ಮೈಗೆ ಅದು ಚಳಿಯೇ. ಆ ಹೊತ್ತಿಗೆ ತೋಟಗಳಲ್ಲಿ ಕಾಫಿ ಕೊಯ್ಲು ನಡೆದಿರುತ್ತದೆ. ಮೊದಲು ಅರೇಬಿಕಾ, ಹೊಸ ವರ್ಷದ ನಂತರ ರೋಬಸ್ಟಾ.

ಹೆಚ್ಚಿನವರು ಲೆಕ್ಕಕ್ಕೆ ಹಿಡಿಯದ ಕಾಲವೊಂದಿದೆ: ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ಭಾಗ. ಆಗ ಬೀಳುವ ಮಳೆಗೆ ಹೂಮಳೆ ಎನ್ನುತ್ತಾರೆ. ಒಳ್ಳೆಯ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಗಿಡ ಬೆಳ್ಳಗೆ ಹೂಬಿಟ್ಟು ತೋಟವಿಡೀ ಮಲ್ಲಿಗೆಯಂತೆ ಘಮಘಮಿಸುತ್ತದೆ. ಮೂರು ನಾಲ್ಕು ದಿನದಲ್ಲಿ ಹೂ ಬಾಡುತ್ತದೆ. ತಿಂಗಳ ಮೊದಲೇ ಬುಕ್ ಮಾಡಿ ಇದನ್ನು ಹಿಡಿಯಲಾಗದು. ಹೋಮ್‌ಸ್ಟೇಯವರಿಗೆ ಫೋನ್ ಮಾಡಿ, ಮಳೆ ಯಾವತ್ತು ಬಿತ್ತು ಎಂದು ಕೇಳಿ, ಆ ವಾರವೇ ಹೊರಡಬೇಕು. ಮಡಿಕೇರಿ ನಮಗೆ ನಾಲ್ಕು ಗಂಟೆಯ ದಾರಿಯಾದ್ದರಿಂದ ಇದು ಸಾಧ್ಯ. ಬೆಂಗಳೂರಿನವರಿಗೆ ಇಷ್ಟು ಸುಲಭವಲ್ಲ.

ಮಳೆಗಾಲದಲ್ಲಿ ಹೋಗಬಹುದೇ?

ಜೂನ್‌ನಲ್ಲೂ ಸೆಪ್ಟೆಂಬರ್‌ನಲ್ಲೂ ಹವಾಮಾನ ನೋಡಿಕೊಂಡು ಹೋಗಬಹುದು. ಜುಲೈ, ಆಗಸ್ಟ್‌ನಲ್ಲಿ ಬೇಡ ಎನ್ನುತ್ತೇವೆ. ಮಳೆಗೆ ಹೆದರಿ ಅಲ್ಲ, ಮಳೆ ನಮ್ಮಲ್ಲೂ ಇದೆ. ರಸ್ತೆಯ ಕಾರಣಕ್ಕೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದು ಸಂಪಾಜೆ ಘಾಟಿ ವಾರಗಟ್ಟಲೆ ಬಂದ್ ಆಗಿತ್ತು. ಆ ನಂತರವೂ ಜೋರು ಮಳೆಯಲ್ಲಿ ಗುಡ್ಡ ಬಿರುಕು ಬಿಟ್ಟಾಗ ರಾತ್ರಿ ಸಂಚಾರ ನಿಲ್ಲಿಸಿದ್ದುಂಟು. ಹವಾಮಾನ ಇಲಾಖೆ ಕೊಡಗಿಗೆ ರೆಡ್ ಅಲರ್ಟ್ ಕೊಟ್ಟ ದಿನ ಬುಕಿಂಗ್ ಹಣ ಹೋದರೂ ಹೋಗಲಿ, ಹೊರಡಬೇಡಿ. ಆರೆಂಜ್ ಇದ್ದರೆ ಹೊರಡುವ ಮುನ್ನ ಸುಳ್ಯದ ಕಡೆಯ ಪರಿಚಯದವರಿಗೋ ತಂಗುವ ಮನೆಯವರಿಗೋ ಫೋನ್ ಮಾಡಿ. ಗೂಗಲ್ ನಕ್ಷೆಯಲ್ಲಿ ಕುಸಿತ ಕಾಣಿಸುವಷ್ಟರಲ್ಲಿ ನೀವು ಸಂಪಾಜೆ ಗೇಟಿನಲ್ಲಿ ನಿಂತಿರುತ್ತೀರಿ.

ಜಿಗಣೆ ಬಗ್ಗೆ ಹುಡುಗಿಯರೂ ಕೇಳುತ್ತಾರೆ, ಅದಕ್ಕಿಂತ ಹೆಚ್ಚು ಗಂಡಸರು ಕೇಳುತ್ತಾರೆ. ತೋಟದಲ್ಲಿ ನಡೆಯುವಾಗ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಕಾಲುಚೀಲದ ಹೊರಮೈಗೆ ಉಪ್ಪು ಅಥವಾ ಹೊಗೆಸೊಪ್ಪಿನ ಪುಡಿ ತಿಕ್ಕಿ. ಕಚ್ಚಿದರೆ ಎಳೆದು ಕೀಳಬೇಡಿ. ಉಗುರನ್ನು ಚರ್ಮಕ್ಕೆ ತಾಗಿಸಿ ಅದರ ಬಾಯಿಯನ್ನು ಬದಿಗೆ ಸರಿಸಿ. ರಕ್ತ ಹೆಪ್ಪುಗಟ್ಟದಂತೆ ಅದು ರಸ ಬಿಡುವುದರಿಂದ ಗಾಯ ಸ್ವಲ್ಪ ಹೊತ್ತು ಸೋರುತ್ತಲೇ ಇರುತ್ತದೆ. ಗಾಬರಿ ಬೇಡ, ತೊಳೆದು ಒತ್ತಿ ಹಿಡಿದರೆ ಸಾಕು.

ಯಾವ ವಾರಾಂತ್ಯಗಳನ್ನು ಬಿಡಬೇಕು?

ಸೋಮವಾರವೋ ಶುಕ್ರವಾರವೋ ರಜೆ ಸೇರಿ ಮೂರು ದಿನವಾಗುವ ಯಾವುದೇ ವಾರಾಂತ್ಯ. ಡಿಸೆಂಬರ್ ಕೊನೆಯ ವಾರ. ಅಕ್ಟೋಬರ್ 17ರ ಆಚೀಚೆ ಬರುವ ತುಲಾ ಸಂಕ್ರಮಣ, ಆಗ ತಲಕಾವೇರಿಯ ತೀರ್ಥೋದ್ಭವಕ್ಕೆ ಜನಸಾಗರ.

ಮಡಿಕೇರಿ ದಸರಾದ ಮಾತು ಬೇರೆ. ನವರಾತ್ರಿಯ ಮೊದಲ ದಿನ ನಾಲ್ಕು ಮಾರಿಯಮ್ಮ ದೇವಸ್ಥಾನಗಳ ಕರಗ ಹೊರಡುತ್ತವೆ. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ದಶಮಂಟಪಗಳು ಬೆಳಗಿನ ಜಾವದ ತನಕ ಮೆರವಣಿಗೆಯಲ್ಲಿ ಸಾಗುತ್ತವೆ. ಮಂಗಳೂರು ದಸರಾ ಇಷ್ಟಪಡುವವರು ಒಮ್ಮೆ ನೋಡಲೇಬೇಕು. ಆದರೆ ಅದು ಇಬ್ಬರ ಏಕಾಂತದ ವಾರಾಂತ್ಯವಲ್ಲ. ಕೋಣೆ ಸಿಗದು, ಕಾರು ಊರ ಹೊರಗೇ ಬಿಡಬೇಕು, ನಿದ್ದೆ ಇಲ್ಲ.

ದಾರಿ ಹೇಗೆ? ಎಷ್ಟು ಹೊತ್ತು ಬೇಕು?

ಮಂಗಳೂರಿನಿಂದ ಬಿ.ಸಿ. ರೋಡ್, ಕಲ್ಲಡ್ಕ, ಮಾಣಿ. ಮಾಣಿಯಲ್ಲಿ ಶಿರಾಡಿಯ ದಾರಿ ಬಿಟ್ಟು ಬಲಕ್ಕೆ ತಿರುಗಿದರೆ ರಾಷ್ಟ್ರೀಯ ಹೆದ್ದಾರಿ 275. ಪುತ್ತೂರು, ಸುಳ್ಯ, ಸಂಪಾಜೆ, ಮದೆನಾಡು ದಾಟಿ ಮಡಿಕೇರಿ. ಒಟ್ಟು ಸುಮಾರು 140 ಕಿಲೋಮೀಟರ್. ಸಂಪಾಜೆ ತನಕ ಏರಿಳಿತ, ತಿರುವು ಇದ್ದರೂ ಘಾಟಿಯಲ್ಲ. ಆಮೇಲಿನ ಮೂವತ್ತು ಕಿಲೋಮೀಟರಿನಲ್ಲಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರಿನ ಊರಿಗೆ ಏರಬೇಕು, ಅದಕ್ಕೇ ಒಂದು ಗಂಟೆ ಹಿಡಿಯುತ್ತದೆ. ತಿಂಡಿಗೆ ನಿಲ್ಲುವುದೂ ಸೇರಿ ನಾಲ್ಕು ಗಂಟೆ ಇಟ್ಟುಕೊಳ್ಳಿ.

ಉಡುಪಿಯವರು ಒಂದೂವರೆ ಗಂಟೆ ಸೇರಿಸಿ. ಮಂಗಳೂರು ಪೇಟೆಯ ಟ್ರಾಫಿಕ್ ಬೇಡ ಎಂದರೆ ಕಾರ್ಕಳ, ಮೂಡುಬಿದಿರೆ, ಸಿದ್ಧಕಟ್ಟೆ ಮೂಲಕ ಬಂಟ್ವಾಳಕ್ಕೆ ಇಳಿಯಬಹುದು. ದೂರದಲ್ಲಿ ಹೆಚ್ಚು ಲಾಭವಿಲ್ಲ, ಪಂಪ್‌ವೆಲ್, ಪಡೀಲ್ ತಪ್ಪುತ್ತದೆ. ಹೆದ್ದಾರಿಯಲ್ಲೇ ಬಂದರೆ ಹೆಜಮಾಡಿಯಲ್ಲೊಂದು, ಬಿ.ಸಿ. ರೋಡಿಗೆ ಮುಂಚೆ ಬ್ರಹ್ಮರಕೂಟ್ಲುವಿನಲ್ಲೊಂದು ಟೋಲ್. ಫಾಸ್ಟ್‌ಟ್ಯಾಗ್‌ನಲ್ಲಿ ಹಣ ಇದೆಯೇ ಎಂದು ಹಿಂದಿನ ರಾತ್ರಿಯೇ ನೋಡಿ.

ಬೆಳಿಗ್ಗೆ ಐದೂವರೆಗೆ ಮಂಗಳೂರು ಬಿಟ್ಟರೆ ಕಲ್ಲಡ್ಕದಲ್ಲಿ ಕೆ.ಟಿ. ಅಂದರೆ ಕಲ್ಲಡ್ಕ ಟೀ ಕುಡಿಯುವಷ್ಟರಲ್ಲಿ ಬೆಳಕು ಹರಿಯುತ್ತದೆ. ಮೇಲ್ಸೇತುವೆ ಹತ್ತಿಬಿಟ್ಟರೆ ಕೆ.ಟಿ. ತಪ್ಪುತ್ತದೆ, ಸರ್ವಿಸ್ ರಸ್ತೆಗೆ ಇಳಿಯಿರಿ. ಹೊಟ್ಟೆ ತುಂಬ ತಿಂಡಿಯನ್ನು ಪುತ್ತೂರಿನಲ್ಲೇ ಮುಗಿಸುವುದು ಉತ್ತಮ. ಸುಳ್ಯದಲ್ಲಿ ಗಡದ್ದಾಗಿ ತಿಂದು ಕೂಡಲೇ ಘಾಟಿ ಹತ್ತಿದರೆ ಹೊಟ್ಟೆ ತೊಳಸುವುದು ಖಚಿತ. ಪೆಟ್ರೋಲ್ ಸುಳ್ಯದಲ್ಲಿ ತುಂಬಿಸಿ.

ಘಾಟಿ ಬಂದ್ ಆದರೆ ಬೇರೆ ದಾರಿ?

ಇದೆ, ಆದರೆ ಯಾವುದೂ ವಾರಾಂತ್ಯಕ್ಕೆ ಹೇಳಿಸಿದ್ದಲ್ಲ. ಸುಳ್ಯದಿಂದ ಆಲೆಟ್ಟಿ, ಕೇರಳದ ಪಾಣತ್ತೂರು, ಕರಿಕೆ ಮೂಲಕ ಭಾಗಮಂಡಲಕ್ಕೆ ಹತ್ತುವ ರಸ್ತೆ ಕಾಡಿನ ನಡುವೆ ಕಿರಿದಾಗಿ ಸಾಗುತ್ತದೆ. ಎದುರಿನಿಂದ ಬಸ್ ಬಂದರೆ ರಿವರ್ಸ್ ತೆಗೆಯುವ ಧೈರ್ಯ ಇರಬೇಕು. ಶಿರಾಡಿ ಹತ್ತಿ ಸಕಲೇಶಪುರ, ಸೋಮವಾರಪೇಟೆ ಬಳಸಿ ಬರುವುದು ತೀರಾ ಸುತ್ತು. ಸಂಪಾಜೆ ಮುಚ್ಚಿದ್ದರೆ ತಾರೀಕು ಮುಂದೂಡಿ.

ಬಸ್ಸಿನಲ್ಲಿ ಹೋದರೆ ಹೇಗೆ? ರೈಲು ಇಲ್ಲವೇ?

ಕೊಡಗಿಗೆ ರೈಲೇ ಇಲ್ಲ. ಮಂಗಳೂರಿನ ಬಿಜೈ ಕೆಎಸ್‌ಆರ್‌ಟಿಸಿ ನಿಲ್ದಾಣದಿಂದ ಮಡಿಕೇರಿ ಮಾರ್ಗವಾಗಿ ಮೈಸೂರಿಗೆ ಹೋಗುವ ಬಸ್ಸುಗಳು ದಿನವಿಡೀ ಇವೆ. ಸಾಮಾನ್ಯ ಕೆಂಪು ಬಸ್ಸಿನಲ್ಲಿ ಹೋದರೆ ಶಕ್ತಿ ಯೋಜನೆಯಿಂದ ಜೋಡಿಯಲ್ಲಿ ಒಬ್ಬರಿಗೆ ಟಿಕೆಟ್ ಹಣ ಉಳಿಯುತ್ತದೆ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು. ರಾಜಹಂಸ, ಸ್ಲೀಪರ್‌ಗಳಿಗೆ ಅದು ಅನ್ವಯಿಸದು.

ಬಸ್ಸಿನಲ್ಲಿ ಹೋಗುವವರು ಊರೊಳಗೇ ತಂಗಬೇಕು. ಇದು ಮುಖ್ಯ. ಎಸ್ಟೇಟಿನ ಹೋಮ್‌ಸ್ಟೇ ಬುಕ್ ಮಾಡಿ ಬಸ್ಸಿನಲ್ಲಿ ಹೋದವರು ಉಳಿಸಿದ ಹಣವನ್ನೆಲ್ಲ ಆಟೋಕ್ಕೆ ಕೊಡುತ್ತಾರೆ. ಮಡಿಕೇರಿಯ ಆಟೋದಲ್ಲಿ ಹತ್ತುವ ಮೊದಲೇ ದರ ಮಾತಾಡಿ; ಹೋಗಿ ಬರುವುದಕ್ಕೋ, ಬಿಟ್ಟು ಬರುವುದಕ್ಕೋ, ಕಾಯುವುದಕ್ಕೆ ಬೇರೆಯೋ ಎಂದು ಬಿಡಿಸಿ ಕೇಳಿ.

ತಂಗುವುದು ಊರೊಳಗೋ ಕಾಫಿ ತೋಟದಲ್ಲೋ?

ಒಂದೇ ರಾತ್ರಿ ಇದ್ದರೆ ಊರೊಳಗೆ. ಎರಡು ರಾತ್ರಿ ಸಿಕ್ಕರೆ ತೋಟದಲ್ಲಿ. ಒಂದು ರಾತ್ರಿಗೆ ಹದಿನೈದು ಕಿಲೋಮೀಟರ್ ಒಳಗಿನ ಎಸ್ಟೇಟಿಗೆ ಹೋದರೆ ಕತ್ತಲಲ್ಲಿ ತಲುಪಿ, ಬೆಳಿಗ್ಗೆ ತಿಂಡಿ ತಿಂದು ಹೊರಡುವುದಷ್ಟೇ ಆಗುತ್ತದೆ. ತೋಟವನ್ನೂ ನೋಡಿದಂತಾಗದು, ಊರನ್ನೂ ನೋಡಿದಂತಾಗದು.

ಹೋಮ್‌ಸ್ಟೇಯೇ ಬೇಕೆಂದಿದ್ದರೆ ಮುಂಗಡ ಕಳಿಸುವ ಮೊದಲು ಇಷ್ಟನ್ನು ಕೇಳಿ:

- ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ? ನೋಂದಣಿ ಸಂಖ್ಯೆ ಕೊಡಲು ತಡವರಿಸಿದರೆ ಬಿಟ್ಟುಬಿಡಿ.
- ದರ ಕೋಣೆಗೋ ತಲೆಗೋ? ರಾತ್ರಿ ಊಟ, ಬೆಳಗಿನ ತಿಂಡಿ ಸೇರಿದೆಯೇ? ಕೊಡಗಿನಲ್ಲಿ ಹೆಚ್ಚಾಗಿ ತಲೆಲೆಕ್ಕ. ಅಗ್ಗವೆಂದು ಕಂಡದ್ದು ಇಬ್ಬರಿಗೆ ಲೆಕ್ಕ ಹಾಕುವಾಗ ದುಬಾರಿಯಾಗುವುದು ಇಲ್ಲೇ.
- ಕೊನೆಯ ಒಂದೆರಡು ಕಿಲೋಮೀಟರ್ ರಸ್ತೆ ಹೇಗಿದೆ? ‘ಕಾರ್ ಬರ್ತದೆ’ ಎನ್ನುವ ಉತ್ತರ ಸಾಲದು. ಸಣ್ಣ ಕಾರು ತಳ ತಾಗದೆ ಬರುತ್ತದೆಯೇ, ಇಲ್ಲವಾದರೆ ಜೀಪ್ ಕಳಿಸುತ್ತೀರಾ, ಅದಕ್ಕೆ ಹಣ ಎಷ್ಟು ಎಂದು ಕೇಳಿ.
- ಅದೇ ರಾತ್ರಿ ದೊಡ್ಡ ಗುಂಪು ಬುಕ್ ಆಗಿದೆಯೇ? ಹತ್ತು ಹುಡುಗರ ಕ್ಯಾಂಪ್‌ಫೈರ್ ಪಕ್ಕ ಇಬ್ಬರ ಏಕಾಂತಕ್ಕೆ ಜಾಗವಿಲ್ಲ.
- ಯಾವ ಕಂಪನಿಯ ನೆಟ್‌ವರ್ಕ್ ಸಿಗುತ್ತದೆ, ಕರೆಂಟು ಹೋದರೆ ಬಿಸಿನೀರಿಗೆ ಏನು ವ್ಯವಸ್ಥೆ? ಕಟ್ಟಿಗೆ ಒಲೆಯ ಹಂಡೆ ಇರುವ ಮನೆ ಸಿಕ್ಕರೆ ಗೀಸರ್ ಮರೆತುಬಿಡಿ.

ಚಂದದ ಫೋಟೋ ಹಾಕಿ ಮುಂಗಡ ಪಡೆದು ಮಾಯವಾಗುವ ನಕಲಿ ಪುಟಗಳೂ ಇವೆ. ನಕ್ಷೆಯ ಲೊಕೇಶನ್ ತರಿಸಿಕೊಳ್ಳಿ, ಅಲ್ಲಿನ ವಿಮರ್ಶೆಗಳಲ್ಲಿರುವ ಫೋಟೋಗಳೊಂದಿಗೆ ಹೋಲಿಸಿ, ಒಮ್ಮೆ ವಿಡಿಯೋ ಕರೆ ಮಾಡಿ ಅಂಗಳ ತೋರಿಸಲು ಹೇಳಿ. ನಿಜವಾದ ಮನೆಯವರು ಇದಕ್ಕೆ ಬೇಸರ ಮಾಡುವುದಿಲ್ಲ.

ನಮಗಿನ್ನೂ ಮದುವೆಯಾಗಿಲ್ಲ. ಕೋಣೆ ಕೊಡುತ್ತಾರೆಯೇ?

ಹದಿನೆಂಟು ದಾಟಿದ ಇಬ್ಬರು ಒಂದೇ ಕೋಣೆಯಲ್ಲಿ ತಂಗಬಾರದೆಂದು ಯಾವ ಕಾನೂನೂ ಇಲ್ಲ. ಆದರೂ ಹಲವು ಲಾಡ್ಜ್‌ಗಳಲ್ಲಿ, ಮನೆಯವರೂ ಅಲ್ಲೇ ವಾಸಿಸುವ ಹೋಮ್‌ಸ್ಟೇಗಳಲ್ಲಿ ಒಪ್ಪುವುದಿಲ್ಲ. ಬುಕ್ ಮಾಡುವಾಗ ಫೋನಿನಲ್ಲೇ ನೇರವಾಗಿ ಕೇಳಿ, ಒಪ್ಪಿದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಸುಳ್ಳು ಹೇಳಿ ಹೋದರೆ ಎರಡು ಬೇರೆ ವಿಳಾಸದ ಆಧಾರ್ ನೋಡಿದಾಗ ರಾತ್ರಿ ಎಂಟಕ್ಕೆ ಬೀದಿಗೆ ಬರಬೇಕಾಗುತ್ತದೆ. ಇಬ್ಬರ ಮೂಲ ಗುರುತಿನ ಚೀಟಿಯೂ ಇರಲಿ. ಒಬ್ಬರದು ಮಾತ್ರ ಸಾಲದು. ಮದುವೆಯಾದವರಿಗೂ ಇದೇ ಮಾತು.

ಊರೊಳಗೆ ಏನು ನೋಡಬೇಕು? ಯಾವ ಕ್ರಮದಲ್ಲಿ?

ಬೆಳಿಗ್ಗೆ ಒಂಬತ್ತೂವರೆ, ಹತ್ತಕ್ಕೆ ಊರು ಸೇರಿದಿರಿ ಎಂದಿಟ್ಟುಕೊಳ್ಳಿ. ಕೋಣೆಗೆ ಚೆಕ್-ಇನ್ ಮಧ್ಯಾಹ್ನ. ಬ್ಯಾಗ್ ಹೋಟೆಲಿನಲ್ಲಿಟ್ಟು ಕಾಲ್ನಡಿಗೆಯಲ್ಲಿ ಹೊರಡಿ.

ಮೊದಲು ಕೋಟೆ. ಮುದ್ದುರಾಜ ಕಟ್ಟಿಸಿದ್ದು ಮಣ್ಣಿನ ಕೋಟೆ. ಟಿಪ್ಪು ಸುಲ್ತಾನ್ ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. 1790ರಲ್ಲಿ ದೊಡ್ಡವೀರರಾಜೇಂದ್ರನ ಕೈಗೆ ಬಂತು. ಒಳಗಿನ ಅರಮನೆಗೆ ಈಗಿನ ರೂಪ ಕೊಟ್ಟದ್ದು 1812ರಿಂದ 1814ರ ನಡುವೆ ಲಿಂಗರಾಜೇಂದ್ರ. ಈ ಕಟ್ಟಡದಲ್ಲಿ ಬಹುಕಾಲ ಸರಕಾರಿ ಕಚೇರಿಗಳಿದ್ದವು, ಆಮೇಲೆ ದುರಸ್ತಿ ಕೆಲಸ. ಹಾಗಾಗಿ ಒಳಗೆಲ್ಲ ಓಡಾಡಬಹುದೆಂಬ ನಿರೀಕ್ಷೆ ಬೇಡ. ಅಂಗಳದ ಈಶಾನ್ಯ ಮೂಲೆಯಲ್ಲಿ ಗಾರೆಯ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ದೊಡ್ಡವು. ಎಲ್ಲರೂ ಅಲ್ಲಿ ಫೋಟೋ ತೆಗೆದು ಹೊರಟುಬಿಡುತ್ತಾರೆ. ನೀವು ಹಾಗೆ ಹೊರಡಬೇಡಿ. ಕೋಟೆಯೊಳಗೇ ಇರುವ ಹಳೆಯ ಸೇಂಟ್ ಮಾರ್ಕ್ಸ್ ಚರ್ಚ್ ಈಗ ಸರಕಾರಿ ವಸ್ತುಸಂಗ್ರಹಾಲಯ. ವೀರಭದ್ರ ದೇವಸ್ಥಾನ ಇದ್ದ ಜಾಗದಲ್ಲಿ ಬ್ರಿಟಿಷರು ಕಟ್ಟಿದ ಚರ್ಚು ಅದು. ಹಳೆಯ ಶಿಲ್ಪಗಳು, ಆಯುಧಗಳು ಗೋಥಿಕ್ ಕಿಟಕಿಗಳ ಕೆಳಗೆ ಸಾಲಾಗಿ ನಿಂತಿವೆ. ಕೊಡಗಿನ ಇನ್ನೂರು ವರ್ಷಗಳ ಅದಲುಬದಲು ಆ ಒಂದೇ ಹಜಾರದಲ್ಲಿ ಕಾಣುತ್ತದೆ. ಸೋಮವಾರ ರಜೆ, ಅದಕ್ಕೇ ಭಾನುವಾರ–ಸೋಮವಾರದ ಪ್ರವಾಸ ಹಾಕುವವರು ಮೊದಲ ದಿನವೇ ನೋಡಿ.

ಅಲ್ಲಿಂದ ಓಂಕಾರೇಶ್ವರ ದೇವಸ್ಥಾನ, 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಕಂಬಗಳು, ಎದುರಿಗೆ ಮೀನು ತುಂಬಿದ ಕಲ್ಯಾಣಿ, ನೀರಿನ ಮಧ್ಯೆ ಮಂಟಪ. ನಮ್ಮ ಕಡೆಯ ಮಾಡಿನ ದೇವಸ್ಥಾನಗಳನ್ನು ನೋಡಿದ ಕಣ್ಣಿಗೆ ಇದು ದೇವಸ್ಥಾನವೇ ಎಂಬ ಅನುಮಾನ ಬರುವಂತಿದೆ. ಕಿಟಕಿಯ ಸರಳುಗಳನ್ನು ಹತ್ತಿರದಿಂದ ನೋಡಿ, ರಾಜನ ಹೆಸರಿನ ಮೊದಲಕ್ಷರ ‘ಲಿಂ’ ಇದೆ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ; ಹನ್ನೊಂದೂವರೆಯೊಳಗೆ ತಲುಪಿದರೆ ಒಳ್ಳೆಯದು.

ಊಟ, ಸ್ವಲ್ಪ ವಿಶ್ರಾಂತಿ. ಮೂರೂವರೆಗೆ ಗದ್ದುಗೆ. ಇದು ಮಹದೇವಪೇಟೆಯ ಆಚೆ, ದಾರಿ ಏರು; ಮಂಡಿ ನೋವಿದ್ದವರು ಆಟೋ ಹಿಡಿಯಿರಿ. ದೊಡ್ಡವೀರರಾಜೇಂದ್ರನ ಮತ್ತು ರಾಣಿ ಮಹದೇವಮ್ಮಾಜಿಯ ಸಮಾಧಿ ಒಂದರಲ್ಲಿ, ಲಿಂಗರಾಜೇಂದ್ರನದು ಇನ್ನೊಂದರಲ್ಲಿ. ಲಿಂಗಾಯತ ರಾಜರ ಸಮಾಧಿಗೆ ಗುಮ್ಮಟ, ಗುಮ್ಮಟದ ಮೂಲೆಗೆ ನಂದಿ. ಪಕ್ಕದಲ್ಲೇ ರಾಜನಿಗಾಗಿ ಹೋರಾಡಿದ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳೂ ಇವೆ. ಇಡೀ ಮಡಿಕೇರಿಯಲ್ಲಿ ವಾರಾಂತ್ಯದಲ್ಲೂ ಸದ್ದಿಲ್ಲದೆ ಕೂರಬಹುದಾದ ಜಾಗ ಇದೊಂದೇ. ಆದರೂ ಪಟ್ಟಿಯಲ್ಲಿ ಎಲ್ಲರೂ ಇದನ್ನೇ ಕೊನೆಗೆ ಹಾಕಿ ಬಿಟ್ಟುಬಿಡುತ್ತಾರೆ.

ಸೂರ್ಯಾಸ್ತಕ್ಕೆ ರಾಜಾಸೀಟ್. ಮುಳುಗುವ ಹೊತ್ತಿಗೆ ಮುಕ್ಕಾಲು ಗಂಟೆ ಮೊದಲೇ ಹೋಗಿ, ಇಲ್ಲದಿದ್ದರೆ ತಲೆಗಳ ಹಿಂದಿನಿಂದ ನೋಡಬೇಕಾಗುತ್ತದೆ. ಏಕಾಂತ ಬೇಕಿದ್ದರೆ ಸಂಜೆ ಬಿಡಿ, ಮರುದಿನ ಬೆಳಿಗ್ಗೆ ಗೇಟು ತೆರೆದ ಕೂಡಲೇ ಹೋಗಿ. ಕಣಿವೆಯಲ್ಲಿ ಮಂಜು ತುಂಬಿರುತ್ತದೆ, ಜನ ಇರುವುದಿಲ್ಲ.

ಸಮಯ ಉಳಿದರೆ ಸನ್ನಿಸೈಡ್. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ, 2021ರಿಂದ ವಸ್ತುಸಂಗ್ರಹಾಲಯ. ಸೇನೆಯಲ್ಲಿ ಆಸಕ್ತಿ ಇದ್ದವರಿಗೆ ಒಂದು ಗಂಟೆ ಸಾಲದು, ಇಲ್ಲದವರಿಗೆ ಇಪ್ಪತ್ತು ನಿಮಿಷ ಸಾಕು.

ಅಬ್ಬಿ ಜಲಪಾತ, ಮಾಂದಲಪಟ್ಟಿ?

ಅಬ್ಬಿ ಊರಿನಿಂದ ಎಂಟು ಕಿಲೋಮೀಟರ್. ಜುಲೈಯಿಂದ ಡಿಸೆಂಬರ್ ತನಕ ನೀರು ಚೆನ್ನಾಗಿರುತ್ತದೆ. ಮಾರ್ಚ್‌ನಲ್ಲಿ ಹೋದವರು ಬಂಡೆ ನೋಡಿ ಬರುತ್ತಾರೆ. ಮೆಟ್ಟಿಲು ಇಳಿಯುವುದು ಸುಲಭ, ಹತ್ತುವಾಗ ಉಬ್ಬಸ. ನೀರಿಗೆ ಇಳಿಯಬೇಡಿ, ಜೀವ ಹೋದ ಜಾಗ ಅದು.

ಮಾಂದಲಪಟ್ಟಿ ಬೆಟ್ಟಕ್ಕೆ ಹತ್ತುವ ಕೊನೆಯ ಭಾಗ ಜೀಪಿನ ದಾರಿ, ಮೈಯೆಲ್ಲ ಅಲುಗಾಡುತ್ತದೆ. ಗರ್ಭಿಣಿಯರು, ಬೆನ್ನುನೋವಿನವರು ಹತ್ತಲೇಬಾರದು. ಜೀಪಿನ ಬಾಡಿಗೆ ಇಡೀ ಜೀಪಿಗೋ ತಲೆಗೋ, ಮೇಲೆ ಎಷ್ಟು ಹೊತ್ತು ಕಾಯುತ್ತಾರೆ, ಅರಣ್ಯ ಇಲಾಖೆಯ ಶುಲ್ಕ ಸೇರಿದೆಯೇ ಎಂದು ಮೊದಲೇ ಕೇಳಿ. ಹತ್ತು ಗಂಟೆಯ ನಂತರ ಹೋದರೆ ಮಂಜು ಕರಗಿರುತ್ತದೆ, ಇಲ್ಲವೇ ಪೂರ್ತಿ ಮುಚ್ಚಿ ಏನೂ ಕಾಣದು.

ಭಾನುವಾರ ತಲಕಾವೇರಿ, ದುಬಾರೆ, ಬೈಲುಕುಪ್ಪೆ ಮೂರನ್ನೂ ಮಾಡಬಹುದೇ?

ಇಲ್ಲ. ಅತಿ ಹೆಚ್ಚು ವಾರಾಂತ್ಯಗಳು ಕೆಡುವುದು ಇಲ್ಲೇ. ತಲಕಾವೇರಿ ಮಡಿಕೇರಿಯ ಪಶ್ಚಿಮಕ್ಕೆ ಸುಮಾರು 45 ಕಿಲೋಮೀಟರ್, ಭಾಗಮಂಡಲ ದಾಟಿ ಇನ್ನೂ ಎಂಟು ಕಿಲೋಮೀಟರ್ ಮೇಲೆ. ದುಬಾರೆ, ನಿಸರ್ಗಧಾಮ, ಬೈಲುಕುಪ್ಪೆ ಪೂರ್ವಕ್ಕೆ, ಕುಶಾಲನಗರದ ಕಡೆ. ಎರಡನ್ನೂ ಹಿಡಿದರೆ ದಿನವಿಡೀ ಗೇರ್ ಬದಲಿಸುವುದೇ ಕೆಲಸ; ಮನೆ ತಲುಪುವಷ್ಟರಲ್ಲಿ ಇಬ್ಬರೂ ಮಾತು ಬಿಟ್ಟಿರುತ್ತೀರಿ. ಒಂದು ದಿಕ್ಕು ಆರಿಸಿ.

ಪೂರ್ವಕ್ಕೆ ಹೋದರೆ ಬೆಳಿಗ್ಗೆ ದುಬಾರೆಯ ಆನೆ ಸ್ನಾನ. ಕಾವೇರಿಯಲ್ಲಿ ನೀರು ಏರಿದ್ದರೆ ದೋಣಿ ನಿಲ್ಲಿಸುತ್ತಾರೆ, ವಿಚಾರಿಸಿ ಹೊರಡಿ. ಆಮೇಲೆ ಬೈಲುಕುಪ್ಪೆಯ ಟಿಬೆಟಿಯನ್ನರ ನಾಮ್‌ಡ್ರೋಲಿಂಗ್ ಬೌದ್ಧ ಮಠ. ಆದರೆ ಇದು ಮನೆಯಿಂದ ಇನ್ನೂ ದೂರ ಹೋಗುವ ದಿಕ್ಕು, ಅದು ನೆನಪಿರಲಿ.

ಚರಿತ್ರೆಗಾಗಿಯೇ ಬಂದವರಿಗೆ ನಮ್ಮ ಆಯ್ಕೆ ನಾಲ್ಕುನಾಡು ಅರಮನೆ, ನಾಪೋಕ್ಲು ದಾಟಿ ಕಕ್ಕಬ್ಬೆಯ ಬಳಿ, ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ. 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಲು ತೊಡಗಿದ್ದು. ಅರಮನೆ ಎಂದರೆ ಮೈಸೂರನ್ನು ಕಲ್ಪಿಸಿಕೊಳ್ಳಬೇಡಿ: ಮರದ ಕೆತ್ತನೆಯ ಕಂಬಗಳು, ತಗ್ಗಿದ ಕತ್ತಲೆ ಕೋಣೆಗಳು, ಬಣ್ಣದ ಚಿತ್ರಗಳಿರುವ ಛಾವಣಿ, ಅಂಗಳದಲ್ಲೊಂದು ಪುಟ್ಟ ಮಂಟಪ. 1834ರಲ್ಲಿ ಕಂಪನಿಯ ಸೈನ್ಯ ಬಂದಾಗ ಚಿಕ್ಕವೀರರಾಜೇಂದ್ರ ಅಡಗಿದ್ದು ಇಲ್ಲೇ. ಆಮೇಲೆ ಅವನನ್ನು ಕಾಶಿಗೆ ಕಳಿಸಿದರು. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್‌ಗೆ ಹೋದ. ವಿಕ್ಟೋರಿಯಾ ರಾಣಿಯೇ ಅವಳಿಗೆ ಧರ್ಮಮಾತೆಯಾದಳು. ಈ ಕಥೆ ಗೊತ್ತಿದ್ದು ಆ ಕತ್ತಲೆ ಕೋಣೆಗಳಲ್ಲಿ ನಿಲ್ಲುವುದೇ ಬೇರೆ.

ಊಟದ ವಿಷಯ? ಒಬ್ಬರು ಸಸ್ಯಾಹಾರಿ, ಒಬ್ಬರು ಮಾಂಸಾಹಾರಿ.

ತೊಂದರೆಯಿಲ್ಲ. ಕೊಡವರ ಕಡಂಬುಟ್ಟು ನಮ್ಮ ಪುಂಡಿಯ ಅಣ್ಣತಮ್ಮ, ಅಕ್ಕಿ ತರಿಯ ಉಂಡೆ ಹಬೆಯಲ್ಲಿ ಬೆಂದದ್ದು. ನೂಲ್‌ಪುಟ್ಟು ಒತ್ತು ಶ್ಯಾವಿಗೆ. ಮಾಂಸಾಹಾರಿಗೆ ಅದರೊಂದಿಗೆ ಪಂದಿಕರಿ ಅಂದರೆ ಹಂದಿಮಾಂಸದ ಪದಾರ್ಥ, ಸಸ್ಯಾಹಾರಿಗೆ ಕುಂಬಳದ ಕರಿ, ಮಳೆಗಾಲವಾದರೆ ಕಣಿಲೆ ಅಥವಾ ಕುಮ್ಮು ಅಂದರೆ ಅಣಬೆ. ಪಂದಿಕರಿಯ ಕಪ್ಪು ಬಣ್ಣವೂ ಹುಳಿಯೂ ಕಾಚಂಪುಳಿಯಿಂದ, ಅಂದರೆ ಹಣ್ಣಿನ ರಸ ಕುದಿಸಿ ಗಟ್ಟಿ ಮಾಡಿದ ಹುಳಿಯಿಂದ ಬರುತ್ತವೆ; ಹೊಟೇಲಿನಲ್ಲಿ ಕೆಂಪಗೆ, ಬರೀ ಮೆಣಸಿನ ಖಾರದ್ದು ಬಡಿಸಿದರೆ ಅದು ಪಂದಿಕರಿಯಲ್ಲ. ಹೋಮ್‌ಸ್ಟೇಯಲ್ಲಿ ಬೆಳಿಗ್ಗೆಯೇ ಹೇಳಿಟ್ಟರೆ ಮಾತ್ರ ರಾತ್ರಿಗೆ ಸಿಗುತ್ತದೆ. ರಾತ್ರಿ ಒಂಬತ್ತರ ಮೇಲೆ ಊರಿನ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತವೆ.

ಏನು ತರಬೇಕು, ಏನು ತರಬಾರದು?

ಕಾಫಿ ಪುಡಿ ಕಾಲು ಕಿಲೋಕ್ಕಿಂತ ಹೆಚ್ಚು ಬೇಡ. ಕರಾವಳಿಯ ಸೆಕೆಗೆ ಪರಿಮಳ ಬೇಗ ಹೋಗುತ್ತದೆ. ಚಿಕೋರಿ ಎಷ್ಟು ಎಂದು ಕೇಳಿ ಕಣ್ಣೆದುರೇ ಪುಡಿ ಮಾಡಿಸಿ. ಕಾಳುಮೆಣಸನ್ನು ನಾಲ್ಕು ಕಾಳು ನೀರಿಗೆ ಹಾಕಿ ನೋಡಿ: ತುಂಬಿದ ಕಾಳು ಮುಳುಗುತ್ತದೆ, ಪೊಳ್ಳೂ ಪಪ್ಪಾಯಿ ಬೀಜವೂ ತೇಲುತ್ತವೆ. ಜೇನಿಗೆ ಇಂಥ ಮನೆಪರೀಕ್ಷೆ ಯಾವುದೂ ನಂಬುವಂಥದ್ದಲ್ಲ; ಸಹಕಾರ ಸಂಘದ ಮೊಹರಿನದ್ದು ಕೊಳ್ಳಿ. ಕಾಚಂಪುಳಿ ಗಟ್ಟಿಯಾಗಿ ಕಪ್ಪಗಿರಬೇಕು, ಒಂದು ಕಿಲೋ ಮಾಂಸಕ್ಕೆ ಒಂದೆರಡು ಚಮಚ ಸಾಕು. ರಸ್ತೆ ಬದಿಯ ಕಿತ್ತಳೆಯೆಲ್ಲ ಕೊಡಗಿನದ್ದಲ್ಲ. ಕೊಡಗಿನದ್ದು ಹಸಿರು ಮಿಶ್ರಿತ ಹಳದಿ, ಸಿಪ್ಪೆ ಬಿಗಿ. ಮನೆಯಲ್ಲೇ ಮಾಡಿದ ವೈನ್ ಎಂದು ಲೇಬಲ್ ಇಲ್ಲದೆ ಮಾರುವ ಬಾಟಲಿ ಬೇಡ.

ಖರ್ಚಿನ ಅಂದಾಜು ಹೇಗೆ ಹಾಕುವುದು?

ಹೋಗಿ ಬರಲು 280 ಕಿಲೋಮೀಟರ್, ಅಲ್ಲಿ ಸುತ್ತಾಟಕ್ಕೆ ನೂರು. ಘಾಟಿಯಲ್ಲಿ ಮೈಲೇಜ್ ಇಳಿಯುವುದರಿಂದ ಲೀಟರಿಗೆ 14 ಎಂದೇ ಹಿಡಿಯಿರಿ, 27 ಲೀಟರ್ ಪೆಟ್ರೋಲ್ ಆಯಿತು. ಉಡುಪಿಯವರು ಎಂಟು ಲೀಟರ್ ಸೇರಿಸಿ. ಅದರ ಮೇಲೆ ಕೋಣೆ, ಇಬ್ಬರಿಗೆ ನಾಲ್ಕು ಊಟ, ಟೋಲ್, ಸಣ್ಣ ಪ್ರವೇಶ ಶುಲ್ಕಗಳು. ಜೀಪ್ ಹಿಡಿದರೆ ಅದೇ ದೊಡ್ಡ ಮೊತ್ತ. ತೋಟದ ಮನೆಗಳಲ್ಲಿ ನೆಟ್‌ವರ್ಕ್ ಇಲ್ಲದೆ ಯುಪಿಐ ಕೈಕೊಡುತ್ತದೆ. ಎರಡು ಸಾವಿರ ರೂಪಾಯಿಯಾದರೂ ನಗದು ಇಟ್ಟುಕೊಳ್ಳಿ.

ವಾಪಸು ಎಷ್ಟು ಗಂಟೆಗೆ ಹೊರಡಬೇಕು?

ಮಧ್ಯಾಹ್ನ ಮೂರಕ್ಕೆ ಮಡಿಕೇರಿ ಬಿಡಿ, ಉಡುಪಿಯವರು ಎರಡಕ್ಕೆ. ಸಂಜೆಯಾದಂತೆ ಮದೆನಾಡಿನ ಆಚೀಚೆ ಮಂಜು ಕವಿಯುತ್ತದೆ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ನಿಮ್ಮ ಕಣ್ಣಿಗೇ ಹಿಂದಿರುಗುತ್ತದೆ. ಲೋಬೀಮ್‌ನಲ್ಲೇ ಇಳಿಯಿರಿ, ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸಬೇಡಿ, ನೀವು ಯಾವ ಕಡೆ ತಿರುಗುತ್ತೀರೆಂದು ಹಿಂದಿನವರಿಗೆ ತಿಳಿಯದು.

ಇಳಿಜಾರಿನಲ್ಲಿ ಕಾರನ್ನು ನ್ಯೂಟ್ರಲ್‌ಗೆ ಹಾಕುವ ಚಾಳಿ ನಮ್ಮಲ್ಲಿ ಹಲವರಿಗಿದೆ. ಪೆಟ್ರೋಲೂ ಉಳಿಯುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ, ಅಂದರೆ ಎರಡು ಅಥವಾ ಮೂರು. ಆಟೋಮ್ಯಾಟಿಕ್ ಕಾರಿನಲ್ಲಿ ಎಲ್ ಅಥವಾ ಮ್ಯಾನ್ಯುವಲ್ ಮೋಡ್. ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ, ಅಗಲ ಜಾಗ ನೋಡಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಅದು ಸೊಟ್ಟಗಾಗುತ್ತದೆ. ವಾಂತಿ ಬರುವವರು ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲು ನುಂಗಬೇಕು, ತಿರುವು ಶುರುವಾದ ಮೇಲೆ ಅಲ್ಲ. ಆ ಮಾತ್ರೆ ನಿದ್ದೆ ತರಿಸುತ್ತದೆ, ಕಾರು ಓಡಿಸುವವರು ತೆಗೆದುಕೊಳ್ಳಬಾರದು. ತುರ್ತಿಗೆ 112, ಘಾಟಿಯ ಕೆಲವು ತಿರುವುಗಳಲ್ಲಿ ಸಿಗ್ನಲ್ ಇರುವುದಿಲ್ಲ, ಹಾಗಾಗಿ ಹೊರಡುವ ಮೊದಲೇ ಮನೆಯಲ್ಲೊಬ್ಬರಿಗೆ ಸುಳ್ಯ ತಲುಪುವ ಹೊತ್ತು ಹೇಳಿಡಿ.